ಜೋಡಿ ಪಯಣ, ಒಂಟಿ ಪರವಾನಗಿ

ಟಿಕೆಟ್ ಎರಡು, ಪೆಟ್ಟಿಗೆ ನಾಲ್ಕು. ಆದರೆ ಅಮೆರಿಕದ ಕಾನೂನಿನ ಲೆಕ್ಕದಲ್ಲಿ ದುಡಿಯಲು ಹೋಗುವವರು ಒಬ್ಬರೇ. ಇನ್ನೊಬ್ಬರು ಅವರ ಬೆನ್ನಿಗೆ ಬಂದವರು. ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುರುವಾಗಿ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಲ್ಲುವ ಈ ದಾರಿಯಲ್ಲಿ ಸಂಗಾತಿಯ ಪಾಲಿಗೆ ಬರುವುದೇನು?

ಚೆನ್ನೈನ ಜೆಮಿನಿ ಮೇಲ್ಸೇತುವೆಯ ಪಕ್ಕ, ಅಮೆರಿಕ ಕಾನ್ಸುಲೇಟ್‌ನ ಗೋಡೆಗುಂಟ ಬಿಸಿಲೇರುವ ಮೊದಲೇ ಸಾಲು ಬೆಳೆದಿರುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಟು ಬಂದ ಹೊಸ ಜೋಡಿಗಳೂ ಅದರಲ್ಲಿವೆ. ಮೊಬೈಲ್, ಚೀಲ ಒಳಗೆ ಒಯ್ಯುವಂತಿಲ್ಲ. ಕೈಯಲ್ಲಿ ಉಳಿಯುವುದು ಪ್ಲಾಸ್ಟಿಕ್ ಫೋಲ್ಡರ್ ಒಂದೇ.

ಫೋಲ್ಡರ್‌ನಲ್ಲಿ ಪಾಸ್‌ಪೋರ್ಟ್, ಡಿಎಸ್‌–160 ಅರ್ಜಿಯ ದೃಢೀಕರಣ ಪುಟ, ಗಂಡನ ಹೆಸರಿಗೆ ಬಂದ ಐ–797 ಮಂಜೂರಾತಿ ಪತ್ರ, ಸಂಬಳದ ಚೀಟಿಗಳು. ಅವುಗಳ ಅಡಿಯಲ್ಲಿ ಮದುವೆಯ ಫೋಟೊಗಳು: ಧಾರೆ ಎರೆದದ್ದು, ತಾಳಿ ಕಟ್ಟಿದ್ದು, ಆರತಕ್ಷತೆಯಲ್ಲಿ ಸಾಲಾಗಿ ನಿಂತ ಬೀಗರು. ಜೊತೆಗೊಂದು ಲಗ್ನಪತ್ರಿಕೆ. ಇದು ನಿಜವಾದ ಮದುವೆಯೇ ಎಂದು ಗಾಜಿನಾಚೆ ಕೂತ ಅಧಿಕಾರಿಗೆ ಮನವರಿಕೆಯಾಗಬೇಕು.

ಮದುವೆ ಯಾವಾಗ ಆಯಿತು, ಪರಿಚಯ ಹೇಗೆ, ಗಂಡ ಯಾವ ಕಂಪನಿಯಲ್ಲಿ ಏನು ಕೆಲಸ ಮಾಡುತ್ತಾರೆ? ನಾಲ್ಕೈದು ಪ್ರಶ್ನೆಗಳಲ್ಲಿ ಮಾತು ಮುಗಿಯುತ್ತದೆ. ಹೆಂಡತಿ ಎಂ.ಟೆಕ್. ಮಾಡಿದ್ದಾಳೆಯೇ, ಹತ್ತು ಜನರ ತಂಡ ನಡೆಸಿದ್ದಾಳೆಯೇ ಎಂಬುದಕ್ಕೆ ಆ ಕಿಟಕಿಯಲ್ಲಿ ಬೆಲೆಯಿಲ್ಲ. ಆಕೆಗೆ ಸಿಗುವ ವೀಸಾ ಎಚ್‌–4. ಅದು ನಿಂತಿರುವುದು ಗಂಡನ ಎಚ್‌–1ಬಿ ಮೇಲೆ.

ಈ ವೀಸಾದವರಲ್ಲಿ ಕೆಲವರಿಗೆ ದುಡಿಯುವ ಅವಕಾಶ ಕೊಟ್ಟ ನಿಯಮಕ್ಕೆ 2025ರ ಮೇ ತಿಂಗಳಿಗೆ ಹತ್ತು ವರ್ಷ ತುಂಬಿತು. ಆ ಹತ್ತೂ ವರ್ಷ ಅದರ ಮೇಲೆ ಮೊಕದ್ದಮೆಯ ತೂಗುಗತ್ತಿ ಇತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪದೆ ಹೋಯಿತು. ನಿಯಮ ಉಳಿಯಿತು.

ತಾತ್ಕಾಲಿಕ ಎಂದುಕೊಂಡದ್ದು

ಎಚ್‌–1ಬಿ ಈಗಿನ ರೂಪಕ್ಕೆ ಬಂದದ್ದು 1990ರ ವಲಸೆ ಕಾಯ್ದೆಯಿಂದ. ಪದವಿ ಬೇಕಾದ ವಿಶೇಷ ಕೆಲಸಗಳಿಗೆ ಹೊರದೇಶದವರನ್ನು ಕೆಲಕಾಲಕ್ಕೆ ಕರೆಸಿಕೊಳ್ಳುವ ಏರ್ಪಾಡು ಅದು. ವರ್ಷಕ್ಕೆ 65,000 ವೀಸಾ. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮೇಲೆ 20,000. ಒಮ್ಮೆಗೆ ಮೂರು ವರ್ಷ, ಒಟ್ಟು ಆರು ವರ್ಷ.

ಜೊತೆಗೆ ಬರುವ ಗಂಡ ಅಥವಾ ಹೆಂಡತಿಗೆ, 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಎಚ್‌–4. ಇದಕ್ಕೆ ಸಂಖ್ಯೆಯ ಮಿತಿಯಿಲ್ಲ, ಲಾಟರಿಯಿಲ್ಲ. ಆದರೆ ಸಂಬಳ ಪಡೆಯುವ ಕೆಲಸಕ್ಕೆ ಅವಕಾಶವೂ ಇರಲಿಲ್ಲ. ಆರು ವರ್ಷಕ್ಕೆ ವಾಪಸಾಗುವ ಕುಟುಂಬಕ್ಕೆ ಅಷ್ಟು ಸಾಕು ಎಂಬ ಎಣಿಕೆ.

ಎಣಿಕೆ ತಪ್ಪಿದ್ದು ಮುಂದೆ. ಎಚ್‌–1ಬಿಯಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಲು ಕಾನೂನು ಬಿಡುತ್ತದೆ. ಅರ್ಜಿ ಸಾಲಿನಲ್ಲಿರುವವರೆಗೆ ಆರು ವರ್ಷದ ಮಿತಿಯನ್ನು ದಾಟಿ ವೀಸಾ ವಿಸ್ತರಿಸಲು 2000ದ ಕಾಯ್ದೆಯೊಂದು ದಾರಿ ಮಾಡಿತು. ಭಾರತೀಯರ ಸಾಲು ಬೆಳೆಯುತ್ತಲೇ ಹೋಯಿತು. ಆರು ವರ್ಷಕ್ಕೆಂದು ರೂಪಿಸಿದ ಅವಲಂಬನೆ ಹತ್ತು, ಹದಿನೈದು ವರ್ಷಗಳ ಬದುಕಾಯಿತು. ಮುಂದಿನ ಕಷ್ಟಗಳ ಬೇರು ಇಲ್ಲಿದೆ.

ಒಂದೇ ಕಚೇರಿಯ ಅಕ್ಕಪಕ್ಕದ ಮೇಜುಗಳಲ್ಲೂ ಲೆಕ್ಕ ಬೇರೆ. ಕಂಪನಿಯ ಬೆಂಗಳೂರು ಶಾಖೆಯಿಂದ ಅಮೆರಿಕ ಶಾಖೆಗೆ ಎಲ್‌–1 ವೀಸಾದಲ್ಲಿ ವರ್ಗವಾಗಿ ಹೋದವರ ಸಂಗಾತಿ 2002ರಿಂದಲೂ ಕೆಲಸ ಮಾಡಬಹುದು. ಪಕ್ಕದ ಮೇಜಿನಲ್ಲಿ ಎಚ್‌–1ಬಿಯಲ್ಲಿರುವವರ ಸಂಗಾತಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ. ವಿದ್ಯೆ, ಅನುಭವ ಎರಡೂ ಒಂದೇ ಇದ್ದರೂ ವೀಸಾದ ಅಕ್ಷರ ಬದುಕನ್ನು ಬೇರೆ ಮಾಡುತ್ತದೆ.

> ಮೂಗುತಿ ಧರಿಸಿ ಬಂದಾಕೆ
>
> 1915ರಲ್ಲಿ ಕಲಾ ಬಗಾಯಿ ಗಂಡ ವೈಷ್ಣೋ ದಾಸ್ ಬಗಾಯಿ ಮತ್ತು ಮೂವರು ಮಕ್ಕಳೊಂದಿಗೆ ಸ್ಯಾನ್‌ ಫ್ರಾನ್ಸಿಸ್ಕೊದಲ್ಲಿ ಇಳಿದರು. ಅಮೆರಿಕಕ್ಕೆ ಬಂದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. ಅಲ್ಲಿನ ಪತ್ರಿಕೆಗೆ ಅವರ ಮೂಗುತಿಯೇ ಸುದ್ದಿಯಾಗಿತ್ತು.
>
> ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಬಳಿಕ ಗಂಡನಿಗೆ ಸಿಕ್ಕಿದ್ದ ಪೌರತ್ವ ರದ್ದಾಯಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಕಲಾ ಅಲ್ಲೇ ಉಳಿದು ಮಕ್ಕಳನ್ನು ಬೆಳೆಸಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ 1946ರ ಕಾನೂನಿನ ನಂತರ ಅಮೆರಿಕದ ಪ್ರಜೆಯಾದರು. ಬರ್ಕ್ಲಿ ನಗರದ ಒಂದು ಬೀದಿಗೆ ಈಗ ಅವರ ಹೆಸರಿದೆ.
>
> ಆ ಕಾಲದಲ್ಲಿ ಮದುವೆಯ ಪೆಟ್ಟು ಅಮೆರಿಕದ ಹೆಣ್ಣುಮಕ್ಕಳಿಗೂ ಬೀಳುತ್ತಿತ್ತು. ವಿದೇಶಿಯನ್ನು ವರಿಸಿದವಳು ಪೌರತ್ವ ಕಳೆದುಕೊಳ್ಳುವಂತೆ 1907ರ ಕಾನೂನು ಮಾಡಿತ್ತು. 1922ರಲ್ಲಿ ಅದನ್ನು ಸಡಿಲಿಸಿದರೂ, ಪೌರತ್ವಕ್ಕೆ ಅನರ್ಹರೆನಿಸಿದ್ದ ಏಷ್ಯನ್ನರನ್ನು ಮದುವೆಯಾದವರಿಗೆ 1931ರವರೆಗೆ ವಿನಾಯಿತಿ ಸಿಗಲಿಲ್ಲ.

ಕಾಗದಕ್ಕೆ ಬೇಕಾದ ಮದುವೆ

ಛತ್ರದಲ್ಲಿ ಸಾವಿರ ಜನ ಉಂಡು ಹರಸಿದ ಮದುವೆ ವೀಸಾಕ್ಕೆ ಸಾಲದು. ಸಬ್‌ ರಿಜಿಸ್ಟ್ರಾರ್ ಕೊಟ್ಟ ಪ್ರಮಾಣಪತ್ರ ಬೇಕು. ಕರ್ನಾಟಕದಲ್ಲಿ ಹಿಂದೂ ವಿವಾಹಗಳ ನೋಂದಣಿಗೆ 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಯ ಸೌಲಭ್ಯವಿದೆ. ಯುರೋಪಿನ ಹಲವು ದೇಶಗಳಿಗೆ ಹೋಗುವವರು ಇದೇ ಪತ್ರಕ್ಕೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಮುದ್ರೆಯನ್ನೂ ಹಾಕಿಸಬೇಕಾಗುತ್ತದೆ. ಭಾರತದಲ್ಲಿ ಈ ಪದ್ಧತಿ ಜಾರಿಗೆ ಬಂದದ್ದು 2005ರಲ್ಲಿ.

ಕನ್ನಡಿಗರಿಗೆ ತೊಡಕಾಗುವುದು ಹೆಸರು. ಹಳೆ ಮೈಸೂರು ಕಡೆ ಹಲವರಿಗೆ ಮನೆತನದ ಹೆಸರಿಲ್ಲ. ಊರು, ತಂದೆಯ ಹೆಸರುಗಳ ಮೊದಲಕ್ಷರ ಮಾತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆ ಅಕ್ಷರಗಳು ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದದ್ದು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ. ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ. ಅದೇ ಮೂರಕ್ಷರ ಮುಂದೆ ಚಾಲನಾ ಪರವಾನಗಿಗೂ ಬ್ಯಾಂಕ್ ಖಾತೆಗೂ ಹಿಂಬಾಲಿಸಿ ಬರುವುದುಂಟು. ಮದುವೆಯ ನಂತರ ಹೆಸರಿನ ಮುಂದೆ ಗಂಡನ ಹೆಸರು ಸೇರಿಸುವ ಮೊದಲು ಎಲ್ಲ ದಾಖಲೆಗಳನ್ನೂ ಒಟ್ಟಿಗಿಟ್ಟು ನೋಡುವುದು ಜಾಣತನ.

ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಆದರೆ ವೀಸಾ ಸೇವೆ ಆಗಲೇ ಆರಂಭವಾಗಲಿಲ್ಲ; ಚೆನ್ನೈ ಪ್ರಯಾಣ ತಪ್ಪಲಿಲ್ಲ. ಸಂದರ್ಶನಕ್ಕೂ ಹೊಸ ಪರೀಕ್ಷೆ ಸೇರಿತು. 2025ರ ಡಿಸೆಂಬರ್ 15ರಿಂದ ಎಚ್‌–1ಬಿ, ಎಚ್‌–4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಅಧಿಕಾರಿಗಳು ಜಾಲಾಡತೊಡಗಿದರು. ಭಾರತದಲ್ಲಿ ಗೊತ್ತಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ರಜೆ ಹಾಕಿ ಊರಿಗೆ ಬಂದವರು ಇಲ್ಲೇ ಸಿಕ್ಕಿಬಿದ್ದರು.

ಇಳಿದ ಮೇಲಿನ ದಿನಗಳು

ಅಮೆರಿಕದಲ್ಲಿ ಬಾಡಿಗೆ ಮನೆಯಿಂದ ಕ್ರೆಡಿಟ್ ಕಾರ್ಡ್‌ವರೆಗೆ ಎಲ್ಲದಕ್ಕೂ ಬೇಕಾದದ್ದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ. ಕೆಲಸ ಮಾಡುವ ಹಕ್ಕಿದ್ದರೆ ಮಾತ್ರ ಅದು ಸಿಗುತ್ತದೆ. ಆ ಹಕ್ಕಿಲ್ಲದ ಎಚ್‌–4ನವರು ಗಂಡನೊಂದಿಗೆ ಜಂಟಿಯಾಗಿ ಆದಾಯ ತೆರಿಗೆ ವಿವರ ಸಲ್ಲಿಸಲು ಬೇರೆಯೇ ಒಂದು ತೆರಿಗೆ ಸಂಖ್ಯೆ ಪಡೆಯಬೇಕು.

ಚಾಲನಾ ಪರವಾನಗಿಗೆ ಹೋದಾಗ, ‘ಇವರಿಗೆ ಈ ಸಂಖ್ಯೆ ಪಡೆಯುವ ಅರ್ಹತೆಯಿಲ್ಲ’ ಎಂದು ಸರ್ಕಾರಿ ಕಚೇರಿಯೇ ಬರೆದುಕೊಟ್ಟ ಪತ್ರವನ್ನು ಹಲವು ರಾಜ್ಯಗಳಲ್ಲಿ ತೋರಿಸಬೇಕಾಗುತ್ತದೆ. ಬಸ್ಸು ಅಪರೂಪವಾದ ಉಪನಗರಗಳಲ್ಲಿ ಕಾರು ಓಡಿಸಲು ಬಾರದಿದ್ದರೆ ಹಾಲು, ತರಕಾರಿಗೂ ಇನ್ನೊಬ್ಬರ ಬಿಡುವು ಕಾಯಬೇಕು. ಹೊಸದಾಗಿ ಹೋದವರು ಮೊದಲು ಕಲಿಯಬೇಕಾದ ವಿದ್ಯೆ ಚಾಲನೆಯೇ.

ಕಾನೂನು ಬಿಟ್ಟಿರುವ ಬಾಗಿಲುಗಳೂ ಇವೆ. ಎಚ್‌–4ರಲ್ಲಿ ಇದ್ದುಕೊಂಡೇ ಕಾಲೇಜು ಸೇರಿ ಓದಬಹುದು. ನಿಜಕ್ಕೂ ಸಂಬಳವಿಲ್ಲದ ಸ್ವಯಂಸೇವೆ ಮಾಡಬಹುದು. ಗ್ರಂಥಾಲಯ, ದೇವಸ್ಥಾನ, ಕನ್ನಡ ಕೂಟಗಳ ಕೆಲಸಕ್ಕೆ ಕೈಗಳು ಬರುವುದು ಇಲ್ಲಿಂದ. ವಾರಾಂತ್ಯದಲ್ಲಿ ಮಕ್ಕಳಿಗೆ ಅ, ಆ ತಿದ್ದಿಸುವ ಕನ್ನಡ ಶಾಲೆಗಳು ನಡೆಯುವುದೂ ಇಂಥ ಬಿಟ್ಟಿ ದುಡಿಮೆಯ ಬಲದಿಂದ.

ಈ ಬದುಕನ್ನು ಪುಸ್ತಕಗಳೂ ಸಿನಿಮಾವೂ ದಾಖಲಿಸಿವೆ. ಮೇಘನಾ ದಮಾನಿ 2007ರಲ್ಲಿ ‘ಹಾರ್ಟ್ಸ್ ಸಸ್ಪೆಂಡೆಡ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅವರೇ ಎಚ್‌–4ರಲ್ಲಿ ಅಮೆರಿಕಕ್ಕೆ ಹೋದವರು. ಏಮಿ ಭಟ್ ಅವರ ‘ಹೈಟೆಕ್ ಹೌಸ್‌ವೈವ್ಸ್’ 2018ರಲ್ಲಿ ಬಂತು. ಪಲ್ಲವಿ ಬ್ಯಾನರ್ಜಿ ಅವರ ‘ದಿ ಆಪರ್ಚುನಿಟಿ ಟ್ರ್ಯಾಪ್’ 2022ರ ಪುಸ್ತಕ. ಐಟಿಯವರ ಹೆಂಡಂದಿರ ಜೊತೆ ನರ್ಸ್‌ಗಳ ಗಂಡಂದಿರ ಕಥೆಯೂ ಅದರಲ್ಲಿದೆ. ಹೆಂಡತಿಯ ವೀಸಾದ ಮೇಲೆ ಹೋದ ಗಂಡಸರೂ ಇದ್ದಾರೆ. ಸಂಖ್ಯೆ ಕಡಿಮೆ, ಕಟ್ಟುಪಾಡು ಅದೇ.

ಹತ್ತು ವರ್ಷದ ಹಗ್ಗಜಗ್ಗಾಟ

2015ರ ಮೇ 26ರಂದು ಒಬಾಮ ಆಡಳಿತದ ನಿಯಮ ಜಾರಿಗೆ ಬಂತು. ಅದು ಎಲ್ಲ ಎಚ್‌–4ನವರಿಗಲ್ಲ. ಎಚ್‌–1ಬಿಯಲ್ಲಿರುವ ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ–140 ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಆರು ವರ್ಷ ದಾಟಿ ವೀಸಾ ವಿಸ್ತರಣೆ ಸಿಕ್ಕಿರಬೇಕು. ಅಂಥವರಿಗೆ ಇಎಡಿ ಎಂಬ ಕಾರ್ಡು. ಅದು ಕೈಗೆ ಬಂದರೆ ಯಾವ ಕಂಪನಿಗಾದರೂ ಸೇರಬಹುದು, ಸ್ವಂತ ವ್ಯವಹಾರವನ್ನೂ ತೆರೆಯಬಹುದು. ಮೊದಲ ವರ್ಷ 1,79,600 ಮಂದಿಯವರೆಗೆ ಅರ್ಹರಾಗಬಹುದು ಎಂದು ಅಲ್ಲಿನ ಸರ್ಕಾರ ಅಂದಾಜಿಸಿತ್ತು. ಆರಂಭದ ವರ್ಷಗಳಲ್ಲಿ ಕಾರ್ಡ್ ಪಡೆದ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಭಾರತದಲ್ಲಿ ಹುಟ್ಟಿದವರು; ಮಹಿಳೆಯರ ಪ್ರಮಾಣವೂ ಅಷ್ಟೇ.

ನಿಯಮ ಜಾರಿಯಾಗುವ ಮೊದಲೇ ಮೊಕದ್ದಮೆ ಬಿತ್ತು. ಹೂಡಿದ್ದು ‘ಸೇವ್ ಜಾಬ್ಸ್ ಯುಎಸ್‌ಎ’. ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಐಟಿ ನೌಕರರು ಕಟ್ಟಿದ ಸಂಘ ಅದು. ತಮ್ಮ ಜಾಗಕ್ಕೆ ಎಚ್‌–1ಬಿಯವರು ಬಂದರು, ಈಗ ಅವರ ಸಂಗಾತಿಗಳೂ ಪೈಪೋಟಿಗೆ ಇಳಿಯುತ್ತಾರೆ ಎಂಬುದು ಅವರ ಅಳಲು. ಸಂಸತ್ತು ಕೊಡದ ಹಕ್ಕನ್ನು ಇಲಾಖೆ ಹೇಗೆ ಕೊಟ್ಟೀತು ಎಂಬುದು ಕಾನೂನಿನ ಪ್ರಶ್ನೆ.

ಟ್ರಂಪ್ ಅವರ ಮೊದಲ ಅವಧಿಯಲ್ಲಿ ನಿಯಮವನ್ನೇ ಕಿತ್ತುಹಾಕುವ ಪ್ರಸ್ತಾವ ಸಿದ್ಧವಾಯಿತು. ಅದು ಜಾರಿಯಾಗದೆ 2021ರ ಜನವರಿಯಲ್ಲಿ ಹಿಂದಕ್ಕೆ ಹೋಯಿತು. ಜಿಲ್ಲಾ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ, ಮೇಲ್ಮನವಿ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ನಿಯಮದ ಪರ ನಿಂತವು. ಕೊನೆಗೆ ಸುಪ್ರೀಂ ಕೋರ್ಟ್.

ಗೆದ್ದರೂ ನಿಶ್ಚಿಂತೆಯಿಲ್ಲ. ಕಾರ್ಡಿನ ಆಯಸ್ಸು ಎಚ್‌–4ರ ಅವಧಿಯಷ್ಟೇ. ನವೀಕರಣದ ಅರ್ಜಿ ಕಚೇರಿಯಲ್ಲಿ ಕೊಳೆತರೆ ಇದ್ದ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. 2021ರಲ್ಲಿ ಮೊಕದ್ದಮೆಯೊಂದು ರಾಜಿಯಾದಾಗ, ಅರ್ಜಿ ಬಾಕಿಯಿರುವವರೆಗೆ ಹಳೆ ಕಾರ್ಡ್ ಕೆಲಕಾಲ ತಾನಾಗಿ ಮುಂದುವರಿಯುವ ಅನುಕೂಲ ಸಿಕ್ಕಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಅದು ನಿಂತುಹೋಯಿತು.

ಮುಗಿಯದ ಸಾಲು

ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ರಷ್ಟು. ಭಾರತವಿರಲಿ, ಭೂತಾನವಿರಲಿ, ಮಿತಿ ಒಂದೇ. ಹೆಂಡತಿ, ಮಕ್ಕಳನ್ನೂ ಇದೇ ಲೆಕ್ಕಕ್ಕೆ ಹಿಡಿಯುವುದರಿಂದ ಅರ್ಧಕ್ಕಿಂತ ಹೆಚ್ಚು ಕಾರ್ಡ್‌ಗಳು ಕುಟುಂಬದವರಿಗೇ ಹೋಗುತ್ತವೆ. 2025ರ ಕೊನೆಯಲ್ಲಿ, ಐಟಿಯವರು ಹೆಚ್ಚಾಗಿ ಬರುವ ಇಬಿ–2 ಮತ್ತು ಇಬಿ–3 ವಿಭಾಗಗಳಲ್ಲಿ, ಭಾರತೀಯರ ಪೈಕಿ ಸರದಿ ಬಂದಿದ್ದದ್ದು 2013ರಲ್ಲಿ ಅರ್ಜಿ ಹಾಕಿದವರಿಗೆ.

ಸಾಲು ಉದ್ದವಾದಂತೆ ಮಕ್ಕಳ ವಯಸ್ಸೂ ಏರುತ್ತದೆ. ಕೈಗೂಸಾಗಿ ಬಂದು ಅಲ್ಲೇ ಓದಿ ಬೆಳೆದ ಮಗ ಅಥವಾ ಮಗಳು 21 ತುಂಬಿದ ದಿನ ಎಚ್‌–4ರಿಂದ ಹೊರಬೀಳುತ್ತಾರೆ. ಸರದಿ ಹತ್ತಿರ ಬಂದವರಿಗೆ 2002ರ ಕಾಯ್ದೆಯೊಂದು ಸ್ವಲ್ಪ ರಕ್ಷಣೆ ಕೊಡುತ್ತದೆ. ಉಳಿದವರು ವಿದೇಶಿ ವಿದ್ಯಾರ್ಥಿಯಾಗಿ ವೀಸಾ ಬದಲಿಸಬೇಕು, ಇಲ್ಲವೇ ನೆನಪೇ ಇಲ್ಲದ ಊರಿಗೆ ಮರಳಬೇಕು.

ಆಧಾರ ಕಳಚಿದರೆ

ಎಚ್‌–1ಬಿಯವರ ಕೆಲಸ ಹೋದರೆ 2017ರ ನಿಯಮದಂತೆ ಗರಿಷ್ಠ 60 ದಿನಗಳ ಗಡುವು. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕದಿದ್ದರೆ, ಬೇರೆ ವೀಸಾಕ್ಕೂ ಬದಲಾಗದಿದ್ದರೆ ಮನೆಮಂದಿಯೆಲ್ಲ ಹೊರಡಬೇಕು. ಹೆಂಡತಿ ಇಎಡಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದರೂ ಅದು ಮನೆಯನ್ನು ಉಳಿಸುವುದಿಲ್ಲ. ಅವಳ ಕಾರ್ಡಿನ ಬೇರು ಗಂಡನ ವೀಸಾದಲ್ಲಿದೆ.

ಸಾವು ಬಂದರೂ ಅದೇ ಕಟ್ಟು. 2017ರ ಫೆಬ್ರುವರಿ 22ರಂದು ಕ್ಯಾನ್ಸಸ್‌ನ ಒಲೇತ್‌ನಲ್ಲಿ ಜನಾಂಗದ್ವೇಷದ ಗುಂಡಿಗೆ ಗಾರ್ಮಿನ್ ಕಂಪನಿಯ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲ ಬಲಿಯಾದರು. ಗಂಡನ ಸಾವಿನೊಂದಿಗೆ ಪತ್ನಿ ಸುನಯನಾ ದುಮಾಲಾ ಅವರ ವಾಸದ ಹಕ್ಕೂ ಹೋಯಿತು. ಆ ರಾಜ್ಯದ ಸಂಸದ ಕೆವಿನ್ ಯೋಡರ್ ನೆರವಿಗೆ ಬಂದ ಮೇಲೆ ಅವರಿಗೆ ತಾತ್ಕಾಲಿಕ ಅನುಮತಿ ದೊರೆಯಿತು.

ವಿಚ್ಛೇದನವಾದರೆ ಎಚ್‌–4 ಅಲ್ಲಿಗೆ ಮುಗಿಯುತ್ತದೆ. ಹೊಡೆತ, ಬೆದರಿಕೆ ಸಹಿಸಿ ಕೂರುವವರ ಕೈ ಕಟ್ಟುವುದು ಈ ಭಯ. ದೌರ್ಜನ್ಯಕ್ಕೊಳಗಾದ ಎಚ್‌–4 ಸಂಗಾತಿಗಳು ಸ್ವತಂತ್ರವಾಗಿ ದುಡಿಯುವ ಪರವಾನಗಿ ಕೇಳಲು ಅಮೆರಿಕದ ಕಾನೂನಿನಲ್ಲೇ ಅವಕಾಶವಿದೆ. ಅದಕ್ಕೆ ಪ್ರತ್ಯೇಕ ಅರ್ಜಿ ನಮೂನೆ 2017ರಲ್ಲಿ ಬಂತು. ಭಾರತದಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕ ದೂರು ಪಡೆಯುತ್ತದೆ. ಹೊರಡುವ ಹೆಣ್ಣುಮಗಳು ಪಾಸ್‌ಪೋರ್ಟ್, ವೀಸಾ, ಐ–94, ಮದುವೆ ಪ್ರಮಾಣಪತ್ರ, ಗಂಡನ ಐ–797ರ ಪ್ರತಿಗಳನ್ನು ತನ್ನದೇ ಇಮೇಲ್‌ನಲ್ಲಿ ಇಟ್ಟುಕೊಂಡಿರಬೇಕು. ತವರಿನಲ್ಲೂ ಒಂದು ಕಟ್ಟು ಇರಲಿ.

> ಬೇರೆ ದೇಶ, ಬೇರೆ ಲೆಕ್ಕ
>
> ಬ್ರಿಟನ್: ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿ ಕೆಲಸ ಮಾಡಬಹುದು. ಆದರೆ ಸಂಶೋಧನಾ ಕೋರ್ಸ್ ಬಿಟ್ಟು ಉಳಿದ ಹೆಚ್ಚಿನ ವಿದ್ಯಾರ್ಥಿಗಳು 2024ರ ಜನವರಿಯಿಂದ ಕುಟುಂಬ ಕರೆದೊಯ್ಯುವಂತಿಲ್ಲ; ಹೊಸದಾಗಿ ಹೋಗುವ ಆರೈಕೆ ಕಾರ್ಯಕರ್ತರಿಗೂ ಅದೇ ವರ್ಷದ ಮಾರ್ಚ್‌ನಲ್ಲಿ ಈ ಅವಕಾಶ ನಿಂತಿತು.
>
> ಕೆನಡಾ: 2025ರ ಜನವರಿ 21ರಿಂದ ಸಂಗಾತಿಯ ಮುಕ್ತ ಕೆಲಸದ ಪರವಾನಗಿ ಬಿಗಿಯಾಗಿದೆ. ಸ್ನಾತಕೋತ್ತರ ವಿದ್ಯಾರ್ಥಿಯ ಸಂಗಾತಿಗೆ ಅದು ಸಿಗಬೇಕಾದರೆ ಕೋರ್ಸ್ ಕನಿಷ್ಠ 16 ತಿಂಗಳದ್ದಾಗಿರಬೇಕು.
>
> ಜರ್ಮನಿ: ಕುಟುಂಬ ಪರವಾನಗಿ ಸಿಕ್ಕೊಡನೆ ಕೆಲಸ ಮಾಡಬಹುದು. ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಬರಬೇಕು. ಬ್ಲೂ ಕಾರ್ಡ್ ಉಳ್ಳವರ ಸಂಗಾತಿಗೆ ವಿನಾಯಿತಿ ಇದೆ.
>
> ಜಪಾನ್: ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು.
>
> ಆಸ್ಟ್ರೇಲಿಯಾ: ಪ್ರಜೆಯ ಅಥವಾ ಕಾಯಂ ನಿವಾಸಿಯ ಸಂಗಾತಿಗೆ ಪಾರ್ಟ್‌ನರ್ ವೀಸಾ, ಎರಡು ಹಂತದಲ್ಲಿ. ಶುಲ್ಕ 9,000 ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು.

ಕೊಲ್ಲಿಯ ಕಡೆ ಸಂಬಳವೇ ಬಾಗಿಲು

ಮಂಗಳೂರು, ಉಡುಪಿ, ಭಟ್ಕಳದವರಿಗೆ ಪರದೇಶವೆಂದರೆ ಮೊದಲು ನೆನಪಾಗುವುದು ಕೊಲ್ಲಿ. ಅಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಬಹುದೇ ಎಂಬುದನ್ನು ಹೇಳುವುದು ಸಂಬಳದ ಚೀಟಿ. ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇದ್ದವರಿಗಷ್ಟೇ ಕುಟುಂಬ ವೀಸಾ. ಅದಕ್ಕಿಂತ ಕಡಿಮೆಯವರು ಒಂಟಿಯಾಗಿ ದುಡಿದು ರಜೆಗೆ ಊರಿಗೆ ಬರುತ್ತಾರೆ. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿ, 2020ರ ಹೊತ್ತಿಗೆ ಅದನ್ನು 400ಕ್ಕೆ ಏರಿಸಿತು. ಹೆಂಡತಿ, ಮೂರು ಮಕ್ಕಳಿದ್ದವನಿಗೆ ತಿಂಗಳಿಗೆ 1,600 ರಿಯಾಲ್. ಎಷ್ಟೋ ಮನೆಯವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು.

ತಾಳಿ ಇಲ್ಲದ ಜೋಡಿಗಳು

ಅಮೆರಿಕದ ಅವಲಂಬಿತ ವೀಸಾಕ್ಕೆ ಮದುವೆ ಕಡ್ಡಾಯ. ಜೊತೆಗೆ ಬಾಳುತ್ತಿದ್ದೇವೆ ಎಂದರೆ ಎಚ್‌–4 ಸಿಗದು. ಅಮೆರಿಕದ ಪ್ರಜೆಯನ್ನು ವರಿಸುವವರಿಗೆ ಕೆ–1 ವೀಸಾ ಉಂಟು. ಹೋದ 90 ದಿನಗಳೊಳಗೆ ಮದುವೆಯಾಗಬೇಕು. ಬ್ರಿಟನ್ ಎರಡು ವರ್ಷದ, ಆಸ್ಟ್ರೇಲಿಯಾ ಸಾಮಾನ್ಯವಾಗಿ ಒಂದು ವರ್ಷದ ಸಂಬಂಧಕ್ಕೆ ಪುರಾವೆ ಇದ್ದರೆ ಮದುವೆಯಾಗದ ಜೋಡಿಗೂ ವೀಸಾ ಪರಿಗಣಿಸುತ್ತವೆ: ಜಂಟಿ ಬಾಡಿಗೆ ಕರಾರು, ಜಂಟಿ ಖಾತೆ, ಒಂದೇ ವಿಳಾಸಕ್ಕೆ ಬಂದ ಬಿಲ್ಲುಗಳು.

ಸಲಿಂಗ ದಂಪತಿಯನ್ನು ಅಮೆರಿಕ 2013ರಿಂದ ವೀಸಾಕ್ಕೆ ಮಾನ್ಯ ಮಾಡುತ್ತದೆ. ಆದರೆ ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಅಂಥ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ತೋರಿಸಬೇಕಾದ ಪ್ರಮಾಣಪತ್ರ ಇಲ್ಲಿ ಸಿಗುವುದಿಲ್ಲ; ಮದುವೆಯಾಗಲು ಮೂರನೆಯ ದೇಶಕ್ಕೆ ಹೋಗಬೇಕು.

ಕೊನೆಯ ಹಂತ

ಗ್ರೀನ್ ಕಾರ್ಡ್ ಬಂದ ದಿನ ಅವಲಂಬನೆಯ ಲೆಕ್ಕ ಮುಗಿಯುತ್ತದೆ. ಕಾರ್ಡ್ ಇಬ್ಬರಿಗೂ ಬೇರೆ ಬೇರೆ. ಒಬ್ಬರ ಕೆಲಸ ಹೋದರೂ ಇನ್ನೊಬ್ಬರು ದೇಶ ಬಿಡಬೇಕಿಲ್ಲ; ಮದುವೆ ಮುರಿದರೂ ವಾಸದ ಹಕ್ಕು ಹೋಗದು. ಸಾಮಾನ್ಯವಾಗಿ ಐದು ವರ್ಷದ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲದ ಕಾರಣ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ ಪಡೆಯಬೇಕು. ಅದಿದ್ದರೆ ಊರಿಗೆ ಬಂದು ಹೋಗಲು ವೀಸಾ ಬೇಡ; ಮತದಾನದ ಹಕ್ಕು ಮತ್ತು ಕೃಷಿ ಭೂಮಿ ಖರೀದಿಗೆ ಅವಕಾಶ ಇಲ್ಲ.

ಹಲವರು ಆ ಹಂತ ಮುಟ್ಟುವ ಮೊದಲೇ ಬೆಂಗಳೂರಿಗೆ ಮರಳುತ್ತಾರೆ ಅಥವಾ ಕೆನಡಾದ ಕಡೆ ಹೊರಳುತ್ತಾರೆ. ಹೊಸ ಎಚ್‌–1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆ 2025ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಮೇಲೆ ಮುಂದೆ ಹೊರಡುವವರ ಲೆಕ್ಕಾಚಾರವೂ ಬದಲಾಗಿದೆ. ಹಾಗಾಗಿ ಟಿಕೆಟ್ ಕಾಯ್ದಿರಿಸುವ ಮೊದಲು ಎರಡೂ ಮನೆಯವರು ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಎರಡನೆಯವರಿಗೆ ಯಾವ ವೀಸಾ, ಅದರಲ್ಲಿ ದುಡಿಯುವ ಹಕ್ಕು ಯಾವಾಗ ಬರುತ್ತದೆ, ಮೊದಲನೆಯವರ ಕೆಲಸ ಹೋದರೆ ಇಬ್ಬರೂ ಎಲ್ಲಿರುತ್ತಾರೆ?